ಬಲ ಹೆಚ್ಚಾದರೆ ಗಾಡಿ ಏನಾಗುತ್ತದೆ?

ಆ ವರ್ಷ, ಅಂದರೆ ೧೯೫೪ರಲ್ಲಿ, ಗುಂಡ್ಲುಪೇಟೆ ತಾಲ್ಲೂಕಿಗೆಲ್ಲ ಭೌತಶಾಸ್ತ್ರ ಅರ್ಥವಾಗಿದ್ದವನು ತಾನೊಬ್ಬನೇ ಎಂದು ಗುರುಪಾದಸ್ವಾಮಿ ನಂಬಿದ್ದ. ಬಿ.ಎಸ್ಸಿ.ಯಲ್ಲಿ ಆ ವಿಷಯವನ್ನು ಎರಡು ಸಲ ಕಟ್ಟಿ ಪಾಸಾಗಿದ್ದು ಈ ನಂಬಿಕೆಗೆ ಅಡ್ಡ ಬಂದಿರಲಿಲ್ಲ. ಒಂದು ಸಲ ಓದಿದವನಿಗಿಂತ ಎರಡು ಸಲ ಓದಿದವನಿಗೆ ಎರಡರಷ್ಟು ಗೊತ್ತಿರಬೇಕು. ಇದು ಸಾಮಾನ್ಯ ಗಣಿತ. ಗಣಿತವನ್ನೂ ಅವನು ಎರಡು ಸಲವೇ ಕಟ್ಟಿದ್ದ.

ಅವನ ಊರು ಚಾಮರಾಜನಗರ, ವಯಸ್ಸು ಇಪ್ಪತ್ತನಾಲ್ಕು. ಅಪ್ಪನಿಗೆ ಅಲ್ಲಿಯ ಪೇಟೆಯಲ್ಲಿ ಬೆಲ್ಲ, ಹುಣಸೆಹಣ್ಣಿನ ಅಂಗಡಿ. ಕೆಲಸ ಸಿಕ್ಕಿದ್ದು ಗುಂಡ್ಲುಪೇಟೆಯ ಹೊರಗೆ ಬಯಲಿನಲ್ಲಿ ಹೊಸದಾಗಿ ಎದ್ದಿದ್ದ ಒಂದು ಹಂಚಿನ ಹೈಸ್ಕೂಲಿನಲ್ಲಿ. ಸಿಕ್ಕಿತ್ತೇ ಹೊರತು ಖಾಯಂ ಆಗಿರಲಿಲ್ಲ. ಹೆಡ್‌ಮೇಷ್ಟ್ರು ಮರಿಮಲ್ಲಪ್ಪನವರು ಸೇರಿದ ದಿನವೇ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಹೇಳಿದ್ದರು:

"ನೋಡಿ ಸ್ವಾಮಿ, ಇದು ಒಂದು ವರ್ಷದ ಮಾತು. ಇನ್ಸ್‌ಪೆಕ್ಟರು ಬಂದು ನಿಮ್ ಪಾಠ ನೋಡ್ತಾರೆ. ವಿಸಿಟ್ ಬುಕ್ಕಲ್ಲಿ ಒಂದು ಒಳ್ಳೆ ಮಾತು ಬರುದ್ರೆ ಖಾಯಂ. ಬರೀಲಿಲ್ಲಾಂದ್ರೆ ನಿಮ್ಮಪ್ಪನ ತಕ್ಕಡಿ ಎಲ್ಲೂ ಓಗಲ್ಲ, ಅಲ್ಲೇ ಇರ್ತದೆ."

ತಕ್ಕಡಿಯ ತತ್ತ್ವ ಗುರುಪಾದಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಅದರ ಹಿಂದೆ ಕೂರುವುದಷ್ಟೇ ಅವನಿಗೆ ಬೇಡವಾಗಿತ್ತು. ಅಲ್ಲಿ ಕೂತರೆ ಅಣ್ಣ ಶಿವರುದ್ರಸ್ವಾಮಿಯ ಪಕ್ಕ ಕೂರಬೇಕು. ಅಣ್ಣನೋ, ತಮ್ಮ ಶನಿವಾರ ಊರಿಗೆ ಬಂದರೆ ಸಾಕು, "ಬಾರಪ್ಪಾ ಸೈಂಟಿಸ್ಟು, ಈ ಹುಣಸೆಹಣ್ಣಲ್ಲಿ ಬೀಜ ಯಾಕದೆ ಅಂತ ವಸಿ ಕಂಡಿಡಿ" ಅನ್ನುವವನು.

ಹೀಗಿರುವಾಗ ಜನವರಿಯಲ್ಲಿ ಅವನನ್ನು ಮೈಸೂರಿಗೆ ಐದು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಯಾರೋ ಒಬ್ಬರು ದೊಡ್ಡವರು ಭಾಷಣದಲ್ಲಿ, ಹುಡುಗರ ಜ್ಞಾಪಕಶಕ್ತಿ ಪರೀಕ್ಷಿಸಬೇಡಿ, ಅರ್ಥವಾಗಿದೆಯೇ ಅಂತ ಪರೀಕ್ಷಿಸಿ, ಅವರ ಬದುಕಿನಿಂದಲೇ ಪ್ರಶ್ನೆ ತೆಗೆಯಿರಿ ಎಂದರು. ಗುರುಪಾದಸ್ವಾಮಿ ಡೈರಿಯಲ್ಲಿ ಬರೆದುಕೊಂಡ. ಬಸ್ಸು ನಂಜನಗೂಡು ದಾಟುವಷ್ಟರಲ್ಲಿ ಆ ಮಾತು ಅವನಿಗೆ ಬಹಳ ಇಷ್ಟವಾಯಿತು. ಗುಂಡ್ಲುಪೇಟೆಯಲ್ಲಿ ಇಳಿಯುವಷ್ಟರಲ್ಲಿ ಅದು ತನ್ನದೇ ಮಾತು ಅನ್ನಿಸತೊಡಗಿತ್ತು.

ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋಗಿ ಮೇಜಿನ ಮೇಲೆ ಪುಸ್ತಕ ಮುಚ್ಚಿಟ್ಟ.

"ಪುಸ್ತಕ ಮರೆತುಬಿಡಿ," ಎಂದ. "ಈ ಶುಕ್ರವಾರ ಒಂದು ಪರೀಕ್ಷೆ. ಬಾಯಿಪಾಠ ಮಾಡ್ಕೊಂಡು ಬಂದವರಿಗೆ ಸೊನ್ನೆ. ನಿಮ್ಮ ಕಣ್ಣಲ್ಲಿ ಏನು ನೋಡಿದ್ದೀರೋ ಅದನ್ನ ಯೋಚನೆ ಮಾಡಿ ಬರೀರಿ. ಪುಸ್ತಕ ಮರೆತು ಬರೀರಿ."

ನಲವತ್ತೊಂದು ಮಕ್ಕಳು ಅವನನ್ನೇ ನೋಡಿದರು. ಹುಡುಗಿಯರ ಬೆಂಚಿನಲ್ಲಿ ಮೊದಲು ಕೂರುತ್ತಿದ್ದ ಗಂಗಾಂಬಿಕೆ ಮುಖ ಸಪ್ಪೆ ಮಾಡಿಕೊಂಡಳು. ಅವಳು ಪೋಸ್ಟ್ ಮಾಸ್ಟರರ ಮಗಳು. ಮೇಷ್ಟ್ರು ಕೆಮ್ಮಿದರೆ ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುವ ಹುಡುಗಿ. ಹಿಂದಿನ ಬೆಂಚಿನಿಂದ ಚಿಕ್ಕಮಾದು ಎದ್ದು ನಿಂತ. ತೆರಕಣಾಂಬಿಯ ಆಚೆಯ ಊರಿನವನು, ಎತ್ತರದ ಹುಡುಗ. ಅವರಪ್ಪ ದೊಡ್ಡಮಾದಯ್ಯ ಸಂತೆಯಿಂದ ಸಂತೆಗೆ ಬಾಡಿಗೆ ಗಾಡಿ ಹೊಡೆಯುವವನು.

"ದಿಟವಾಗ್ಲೂ ಮರ್ತು ಬರೀಬೋದಾ ಸಾ?"

"ದಿಟವಾಗ್ಲೂ."

"ಅಂಗಾದ್ರೆ ನಾನಾಗ್ಲೇ ರೆಡಿ ಕಣ್ ಸಾ," ಎಂದು ಅವನು ಕೂತ. ಕ್ಲಾಸು ನಕ್ಕಿತು. ಗುರುಪಾದಸ್ವಾಮಿಯೂ ದೊಡ್ಡ ಮನಸ್ಸು ಮಾಡಿ ನಕ್ಕ. ಹೊಸ ಪದ್ಧತಿಯಲ್ಲಿ ಮೇಷ್ಟ್ರು ನಗಬಹುದು ಎಂದು ಮೈಸೂರಿನಲ್ಲಿ ಹೇಳಿದ್ದರು.

ಪ್ರಶ್ನೆಗಳನ್ನು ಮಾಡುವುದಕ್ಕೆ ಅವನಿಗೆ ಮೂರು ದಿನ ಹಿಡಿಯಿತು. ಹತ್ತು ಪ್ರಶ್ನೆ, ಮೊದಲನೆಯದೊಂದು ಬಿಟ್ಟರೆ ಎಲ್ಲವೂ ಈ ಮಣ್ಣಿನವು. ಒಂದೊಂದನ್ನೂ ಬರೆದು, ದೂರ ಹಿಡಿದು, ಬೇರೆ ಯಾರೋ ಬರೆದದ್ದೇನೋ ಎಂಬಂತೆ ಓದಿ ಮೆಚ್ಚಿಕೊಂಡ. ಎಲ್ಲಕ್ಕಿಂತ ಅವನಿಗೆ ಇಷ್ಟವಾಗಿದ್ದು ಏಳನೆಯದು.

"ಒಂದು ಜೋಡಿ ಎತ್ತಿನ ಗಾಡಿ ನೇರವಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದೆ. ಆಗ ಬಲ ಹೆಚ್ಚಾದರೆ ಗಾಡಿ ಏನಾಗುತ್ತದೆ?"

ವೇಗ ಹೆಚ್ಚುತ್ತದೆ. ಎಷ್ಟು ಸರಳ! ಹಳ್ಳಿಯ ಹುಡುಗರಿಗೆಂದೇ ಹೇಳಿ ಮಾಡಿಸಿದ ಪ್ರಶ್ನೆ. ತಾನು ಹುಟ್ಟಿದಾಗಿನಿಂದ ಒಂದು ಸಲವೂ ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತಿಲ್ಲ, ಎದುರಿಗೆ ಎತ್ತು ಬಂದರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತೇನೆ ಎಂಬುದು ಆಗ ಅವನ ನೆನಪಿಗೆ ಬರಲಿಲ್ಲ. ಬೇಕಾದಾಗ ನೆನಪಿಗೆ ಬಾರದಿರುವುದು ಅವನ ನೆನಪಿನ ಹಳೆಯ ಚಾಳಿ. ಬಿ.ಎಸ್ಸಿ.ಯಲ್ಲೂ ಅದೇ ಆಗಿತ್ತು.

ಪರೀಕ್ಷೆಯಾಯಿತು. ಉತ್ತರ ಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಶನಿವಾರದ ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನಿಂತು ಚಾಮರಾಜನಗರಕ್ಕೆ ಬಂದ. ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ, ಕೆಂಪು ಮಸಿ ಕಲಸಿಕೊಂಡು ಕೂತ. ಪಕ್ಕದಲ್ಲಿ ಅವ್ವ ಶಾಂತಮಲ್ಲಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

ಮೊದಲ ಪ್ರಶ್ನೆ, ಗುರುತ್ವಾಕರ್ಷಣೆ ಎಂದರೇನು. ಒಬ್ಬ ಬರೆದಿದ್ದ: "ಗುರುಗಳು ಕರೆದ ಕೂಡಲೇ ಶಿಷ್ಯರು ಓಡಿ ಬರುವುದು." ತಪ್ಪೇ ತಪ್ಪು. ಆದರೂ ತನ್ನ ಹೆಸರಿನಲ್ಲೇ ಗುರು ಇರುವುದರಿಂದ ಗುರುಪಾದಸ್ವಾಮಿ ಒಂದು ಅಂಕ ಕೊಟ್ಟ. ಎರಡನೆಯದು, ಒಂದು ಮಣ ಕಬ್ಬಿಣ ಭಾರವೋ ಒಂದು ಮಣ ಹತ್ತಿ ಭಾರವೋ. "ಹೊತ್ತವರನ್ನು ಕೇಳಬೇಕು" ಎಂದು ಆರು ಜನ ಬರೆದಿದ್ದರು. ನಾಲ್ಕನೆಯದು, ತೆರಕಣಾಂಬಿಯ ಬಸ್ಸು ಗಕ್ಕನೆ ನಿಂತರೆ ಒಳಗೆ ನಿಂತವರು ಯಾವ ಕಡೆ ಬೀಳುತ್ತಾರೆ. ಮುಂದಕ್ಕೆ ಬೀಳುತ್ತಾರೆ, ಇದಕ್ಕೆ ಕಾರಣ ಜಡತ್ವ. ಚಿಕ್ಕಮಾದು ಬರೆದಿದ್ದ: "ಬೀಳುವುದಿಲ್ಲ. ಬೀಳಲು ಜಾಗವಿರುವುದಿಲ್ಲ." ಹಿಂದಿನ ದಿನ ಅದೇ ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲದೆ ಬಂದವನು ನಿಟ್ಟುಸಿರು ಬಿಟ್ಟು ಸೊನ್ನೆ ಹಾಕಿದ. ವಿಜ್ಞಾನದಲ್ಲಿ ದಾಕ್ಷಿಣ್ಯ ಕೂಡದು.

ಏಳನೆಯ ಪ್ರಶ್ನೆಗೆ ಬಂದಾಗ ಅವನ ಕೈ ನಿಂತಿತು.

"ಗಾಡಿ ಎಡಕ್ಕೆ ಹೋಗುತ್ತದೆ."

ಸೊನ್ನೆ. ಮುಂದಿನ ಪತ್ರಿಕೆ. "ಗಾಡಿ ಎಡಕ್ಕೆ ತಿರುಗುತ್ತದೆ." ಸೊನ್ನೆ. ಅದರ ಮುಂದಿನದು. "ಎಡಕ್ಕೆ ಎಳೆಯುತ್ತದೆ." ಸರಸರನೆ ಎಲ್ಲ ಪತ್ರಿಕೆಗಳ ಏಳನೆಯ ಉತ್ತರವನ್ನೂ ತಿರುವಿ ನೋಡಿದ. ನಲವತ್ತೊಂದರಲ್ಲಿ ನಲವತ್ತು ಎಡಕ್ಕೆ! ಗಂಗಾಂಬಿಕೆ ಒಬ್ಬಳೇ, ದುಂಡಗಿನ ಅಕ್ಷರದಲ್ಲಿ, "ಬಲ ಹೆಚ್ಚಾದರೆ ವೇಗ ಹೆಚ್ಚುತ್ತದೆ" ಎಂದು ಬರೆದಿದ್ದಳು.

ಸರಿ ಉತ್ತರ ನಲವತ್ತು ಜನರಿಗೆ ಹೊಳೆಯಬಹುದು. ಒಂದೇ ತಪ್ಪು ನಲವತ್ತು ಜನರಿಗೆ ಹೊಳೆಯುವುದುಂಟೆ?

"ಕಾಪಿ!" ಎಂದು ಅವನು ಜೋರಾಗಿಯೇ ಅಂದುಬಿಟ್ಟ.

"ಕಾಫಿ ಈಗ್ ತಾನೆ ಕುಡುದ್ಯಲ್ಲೊ," ಎಂದಳು ಅವ್ವ.

"ಅದಲ್ಲ ಕಣವ್ವ. ಹುಡುಗರು ಒಬ್ಬರದು ಒಬ್ಬರು ನೋಡಿ ಬರೆದವ್ರೆ. ಕೇಳು, ಎಂಥ ಸುಲಭದ ಪ್ರಶ್ನೆ. ಗಾಡಿ ನೇರವಾಗಿ ಹೋಗ್ತಾ ಅದೆ. ಬಲ ಹೆಚ್ಚಾಯ್ತು. ಏನಾಯ್ತದೆ?"

ಅವ್ವ ಮೊರದಿಂದ ತಲೆ ಎತ್ತಲಿಲ್ಲ. "ಎಡಕ್ಕೆ ಓಯ್ತದೆ."

ಗುರುಪಾದಸ್ವಾಮಿ ಪೆನ್ನು ಕೆಳಗಿಟ್ಟ. "ನಿಂಗ್ಯಾರವ್ವ ಯೋಳುದ್ದು?"

"ಯಾರ್ ಯೋಳ್ಬೇಕ್ಲಾ? ಚಂದಕವಾಡೀಲಿ ನಮ್ಮಪ್ಪನ ಗಾಡೀಲಿ ಓಡಾಡ್ಕಂಡು ಬೆಳದವ್ಳು ನಾನು. ನಂಗೊತ್ತಿಲ್ವಾ?"

ಈ ಜಾಗದಲ್ಲಿ ಬುದ್ಧಿವಂತನೊಬ್ಬನಿದ್ದಿದ್ದರೆ ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸುತ್ತಿದ್ದ. ಗುರುಪಾದಸ್ವಾಮಿಯೂ ಯೋಚಿಸಿದ. ಯೋಚಿಸಿ, ಪಾಪ ಅವ್ವನಿಗೆ ಭೌತಶಾಸ್ತ್ರ ಎಲ್ಲಿಂದ ಗೊತ್ತಾಗಬೇಕು ಎಂದು ಮರುಗಿ, ನಲವತ್ತು ಸೊನ್ನೆಗಳನ್ನು ದುಂಡಗೆ ಸುತ್ತಿ ಮುಗಿಸಿದ.

ಸೋಮವಾರ ಕ್ಲಾಸಿನಲ್ಲಿ ವಿಚಾರಣೆ. ಕೈ ಹಿಂದೆ ಕಟ್ಟಿಕೊಂಡು, ಪೊಲೀಸಿನವರು ಹೀಗೇ ನಡೆಯುತ್ತಾರೆ ಎಂದು ತಾನು ಅಂದುಕೊಂಡಿದ್ದ ಹಾಗೆ, ಅತ್ತಿಂದಿತ್ತ ನಡೆದ.

"ಏಳನೇ ಪ್ರಶ್ನೆಗೆ ಮೊದಲು ಬರೆದವನು ಯಾರು? ಅವನು ಎದ್ದು ನಿಲ್ಲಲಿ. ಮಿಕ್ಕವರನ್ನ ಬಿಟ್ಟುಬಿಡ್ತೀನಿ."

ಯಾರೂ ಏಳಲಿಲ್ಲ.

"ಚಿಕ್ಕಮಾದು, ಎದ್ದೇಳೊ. ನೀನೇ ತಾನೆ?"

"ಏನ್ ಸಾ?"

"ಎಡಕ್ಕೆ ಅಂತ ಎಲ್ಲರಿಗೂ ಹೇಳಿಕೊಟ್ಟವನು."

"ಅದ ಯಾಕ್ ಸಾ ಯೋಳ್ಕೊಡ್ಬೇಕು? ಎಲ್ರುಗೂ ಗೊತ್ತಿರಾದೇ ಅಲ್ವಾ?"

"ಏನೋ ಗೊತ್ತಿರೋದು? ಬಲ ಹೆಚ್ಚಾದ್ರೆ ಗಾಡಿ ಯಾಕೋ ಎಡಕ್ಕೆ ಹೋಗುತ್ತೆ?"

ಚಿಕ್ಕಮಾದು ಸುತ್ತ ನೋಡಿದ. ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಕೇಳುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. "ಬಲ ಎಚ್ಚಾದ್ರೆ ಎಡಕ್ಕೇ ಓಗಾದು ಸಾ. ಬಲಕ್ಕೋದದಾ?"

"ನೇರವಾಗಿ ಹೋಗುತ್ತೆ ಕಣೋ! ಜೋರಾಗಿ, ನೇರವಾಗಿ!"

"ನೇರ್ವಾಗಿ ಎಂಗ್ ಸಾ ಓದದು? ಎಡ ಇದ್ದಂಗೇ ಅದೆ, ಬಲ ಎಚ್ಚಾಗದೆ. ಎಡಕ್ಕೇ ಎಳ್ದ್ಬುಡ್ತದೆ. ಬೇಕಾದ್ರೆ ನಮ್ಮಪ್ಪುನ್ನೇ ಕೇಳಿ."

"ನಿಮ್ಮಪ್ಪ ಏನು ಬಿ.ಎಸ್ಸಿ.ಯಾ?"

"ಇಲ್ಲ ಸಾ, ಗಾಡಿ ಒಡೀತನೆ."

ಕ್ಲಾಸು ಮತ್ತೆ ನಕ್ಕಿತು. ಈ ಸಲ ಗುರುಪಾದಸ್ವಾಮಿ ನಗಲಿಲ್ಲ. ನಲವತ್ತು ಜನರನ್ನೂ ಬೆಂಚಿನ ಮೇಲೆ ನಿಲ್ಲಿಸಿ, ಕೂತಿದ್ದ ಗಂಗಾಂಬಿಕೆ ಒಬ್ಬಳಿಗೇ ಅರ್ಧ ಗಂಟೆ ಪಾಠ ಹೇಳಿದ. ಅವಳು ಅಷ್ಟನ್ನೂ ಬರೆದುಕೊಂಡಳು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಖಾಯಂ ಆಗಬೇಕಾದವನು ಸುಮ್ಮನಿರುವುದು ಹೇಗೆ? ಆ ಸಂಜೆ ಅವನು ಇನ್ಸ್‌ಪೆಕ್ಟರಿಗೆ ಎರಡು ಹಾಳೆ ಕಾಗದ ಬರೆದ. ತಾನು ಕಂಡುಹಿಡಿದ ನೂತನ ಪರೀಕ್ಷಾ ಪದ್ಧತಿ, ಅದರಿಂದ ಬಯಲಿಗೆ ಬಂದ ಸಾಮೂಹಿಕ ನಕಲು, ನಲವತ್ತೊಂದರಲ್ಲಿ ಒಬ್ಬಳಿಗೆ ಮಾತ್ರ ವಿಷಯ ಅರ್ಥವಾಗಿರುವ ಶೋಚನೀಯ ಸ್ಥಿತಿ, ಇಂಥ ಕಡೆ ತನ್ನಂಥ ಉಪಾಧ್ಯಾಯರು ಎಷ್ಟು ಅಗತ್ಯ, ಎಲ್ಲವನ್ನೂ ತೋಡಿಕೊಂಡ. "ತಾವು ಖುದ್ದಾಗಿ ದಯಮಾಡಿಸಿ ಪರಿಶೀಲಿಸಬೇಕು" ಎಂದು ಕೊನೆಗೆ ಸೇರಿಸಿದ. ದೊಡ್ಡವರು ಹಾಗೆಲ್ಲ ಬರುವುದಿಲ್ಲ ಎಂಬ ಧೈರ್ಯದಿಂದ ಸೇರಿಸಿದ ಮಾತು ಅದು.

ಹತ್ತನೆಯ ದಿನ ಮರಿಮಲ್ಲಪ್ಪನವರು ಒಂದು ಕಾರ್ಡು ಹಿಡಿದುಕೊಂಡು ಕ್ಲಾಸಿನ ಬಾಗಿಲಿಗೇ ಬಂದರು.

"ಅದೇನ್ ಬರುದ್ರಿ ಸ್ವಾಮಿ ನೀವು? ಮಾರ್ಚಿಗೆ ಬರೋರು ನಾಳಿದ್ದೇ ಬತ್ತಾವ್ರಲ್ಲ! ಅದೇನೋ ಏಳನೇ ಪ್ರಶ್ನೆ ನೋಡ್ಬೇಕಂತೆ."

"ಬರಲಿ ಸಾರ್," ಎಂದ ಗುರುಪಾದಸ್ವಾಮಿ.

"ನಿಮ್ ಖಾಯಮ್ಮು ಅವತ್ತೇ ತೀರ್ಮಾನ ಆಗೋಯ್ತದೆ, ತಿಳ್ಕಳಿ."

ಇನ್ಸ್‌ಪೆಕ್ಟರು ಮೈಸೂರಿನ ಬಸ್ಸಿನಿಂದ ಇಳಿದರು. ಸಣ್ಣ ಆಳು, ಕರಿ ಕೋಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಶ್ಯದ ಡಬ್ಬಿ. ಅವರನ್ನೂ ಅವರ ಟ್ರಂಕನ್ನೂ ಶಾಲೆಯ ಜವಾನ ಕೆಂಪಯ್ಯ ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಬಂದ. ಕ್ಲಾಸಿಗೆ ಬಂದವರೇ ಅವರು ಕುರ್ಚಿಯಲ್ಲಿ ಕೂತು, ನಲವತ್ತೊಂದು ಪತ್ರಿಕೆಗಳನ್ನೂ ಒಂದೊಂದಾಗಿ ನೋಡಿದರು. ಮಧ್ಯೆ ಮಧ್ಯೆ ನಶ್ಯ ಏರಿಸಿದರು. ಗುರುಪಾದಸ್ವಾಮಿ ಪಕ್ಕದಲ್ಲಿ ನಿಂತು, ಸೀನು ಬಂದಾಗಲೆಲ್ಲ ಅದು ಒಪ್ಪಿಗೆಯ ಸೀನೋ ಅಲ್ಲವೋ ಎಂದು ಊಹಿಸುತ್ತಿದ್ದ.

"ನಲವತ್ತು ಜನಾನೂ ಎಡಕ್ಕೆ ಅಂತಾರಲ್ರೀ," ಎಂದರು ಕೊನೆಗೆ.

"ಹೌದು ಸಾರ್. ಅದೇ ನಕಲಿಗೆ ಸಾಕ್ಷಿ."

"ಏನ್ರಪ್ಪಾ, ನೋಡಿಕೊಂಡು ಬರೆದ್ರಾ?"

"ಇಲ್ಲಾ ಸಾ!" ಎಂದಿತು ಕ್ಲಾಸು, ಹಂಚು ಹಾರುವ ಹಾಗೆ.

ಚಿಕ್ಕಮಾದು ಕೇಳದೆಯೇ ಎದ್ದು ನಿಂತ. "ಸಾ, ಆಚೆ ಕೆಂಪಯ್ಯನ ಗಾಡಿ ನಿಂತದೆ. ನೀವೇ ಒಂದ್ ಕಿತ ನೋಡ್ಬುಡಿ. ಬಲ ಎಚ್ ಮಾಡಿ, ಅದ್ ಎಡಕ್ ಓಗ್ನಿಲ್ಲಾಂದ್ರೆ ನಾವು ಕಾಪಿ ಒಡ್ದೋ ಅಂತ್ಲೇ ಬರ್ಕಳಿ."

ಇನ್ಸ್‌ಪೆಕ್ಟರು ಗುರುಪಾದಸ್ವಾಮಿಯ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಏನೋ ಹೊಳೆದಂತಿತ್ತು. ನಶ್ಯದ್ದಿರಬಹುದು ಎಂದುಕೊಂಡ ಇವನು.

"ವಿಜ್ಞಾನ ಅಂದ್ರೆ ಪ್ರಯೋಗ ಅಲ್ವೇನ್ರೀ ಮೇಷ್ಟ್ರೇ? ನಡೀರಿ, ನೀವೇ ಗಾಡಿ ಹೊಡೀರಿ. ಮೊದಲು ನೇರವಾಗಿ, ಒಂದೇ ವೇಗದಲ್ಲಿ. ಆಮೇಲೆ ಬಲ ಹೆಚ್ಚು ಮಾಡಿ."

ಗಾಡಿ ಹೊಡೆಯಲು ಬರುವುದಿಲ್ಲ ಎಂದು ಹೇಳುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ಗುರುಪಾದಸ್ವಾಮಿಯ ಕಣ್ಣಿಗೆ ಅಪ್ಪನ ತಕ್ಕಡಿ ಕಂಡಿತು. ಅದರ ಹಿಂದೆ ಹುಣಸೆಬೀಜ ಹಿಡಿದು ಕೂತಿದ್ದ ಅಣ್ಣ ಕಂಡ. "ಆಗಲಿ ಸಾರ್," ಎಂದ.

ಇಡೀ ಶಾಲೆ ಬಯಲಿಗೆ ಬಂದು ಸಾಲಾಗಿ ನಿಂತಿತು. ಗುರುಪಾದಸ್ವಾಮಿ ಪಂಚೆ ಎತ್ತಿ ಕಟ್ಟಿ, ಮೂರನೆಯ ಪ್ರಯತ್ನಕ್ಕೆ ಗಾಡಿ ಹತ್ತಿ, ಮುಂದೆ ಕೂತ. ಎತ್ತುಗಳ ಬೆನ್ನು ಮೇಲಿನಿಂದ ಇಷ್ಟು ಅಗಲ ಕಾಣುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೆಂಪಯ್ಯ ಹಗ್ಗವನ್ನೂ ಬಾರುಕೋಲನ್ನೂ ಅವನ ಕೈಗೆ ಕೊಡುತ್ತಾ ಮೆಲ್ಲಗೆ ಹೇಳಿದ:

"ಬುದ್ದೀ, ಬಲ ವಸಿ ನೋಡ್ಕಂಡು. ಬಲ ಎಚ್ಚಾಗ್ಬುಟ್ರೆ ತಡ್ಯಕಾಗಕಿಲ್ಲ."

ಗುರುಪಾದಸ್ವಾಮಿಗೆ ಒಂದು ಕ್ಷಣ ಎದೆ ತುಂಬಿ ಬಂತು. ಬಾಗಿಲ ಹೊರಗೆ ಗಂಟೆ ಹೊಡೆಯುತ್ತಾ ನಿಲ್ಲುವ ಜವಾನ ಕೂಡ ತನ್ನ ಪಾಠ ಕೇಳಿ ಕೇಳಿ ಬಲದ ವಿಷಯ ಮಾತಾಡುವಂತಾಗಿದ್ದಾನಲ್ಲ! ಇದನ್ನು ಇನ್ಸ್‌ಪೆಕ್ಟರಿಗೆ ಹೇಳಬೇಕು ಅಂದುಕೊಂಡ.

"ಗೊತ್ತು ಕೆಂಪಯ್ಯ," ಎಂದ ಗಂಭೀರವಾಗಿ. "ಅದು ವೇಗೋತ್ಕರ್ಷ."

"ಅಲ್ಲ ಬುದ್ದಿ, ಅದು ಬಿಳಿ ಎತ್ತು," ಎಂದ ಕೆಂಪಯ್ಯ. ಅಷ್ಟರಲ್ಲಿ ಗಾಡಿ ಹೊರಟಾಗಿತ್ತು.

ಮೊದಲ ಐವತ್ತು ಗಜ ಪ್ರಯೋಗ ಬಹಳ ಚೆನ್ನಾಗಿ ನಡೆಯಿತು. ಅದಕ್ಕೆ ಕಾರಣ ಎತ್ತುಗಳು. ಗಾಡಿ ನೇರವಾಗಿ, ಒಂದೇ ವೇಗದಲ್ಲಿ, ಪ್ರಶ್ನೆಪತ್ರಿಕೆಯಲ್ಲಿ ಬರೆದ ಹಾಗೇ ಸಾಗಿತು. ಗುರುಪಾದಸ್ವಾಮಿಗೆ ಹುಮ್ಮಸ್ಸು ಬಂತು. ಹಿಂತಿರುಗಿ, "ಈಗ ನೋಡಿ ಸಾರ್, ಬಲ ಹೆಚ್ಚು ಮಾಡ್ತೀನಿ!" ಎಂದು ಕೂಗಿ ಬಾರುಕೋಲು ಬೀಸಿದ.

ಬಲಗೈಯವನು ಬೀಸಿದ ಬಾರುಕೋಲು ಎಲ್ಲಿ ಬೀಳಬೇಕೋ ಅಲ್ಲೇ, ಬಲಗಡೆಯ ಬಿಳಿ ಎತ್ತಿನ ಬೆನ್ನಿಗೆ ಬಿತ್ತು. ಅದು ಬಾಲ ಎತ್ತಿ ಒಂದೇ ಸಲಕ್ಕೆ ಮುಂದೆ ನುಗ್ಗಿತು. ಎಡಗಡೆಯ ಕಂದು ಎತ್ತು ತನಗೇನೂ ಬಿದ್ದಿಲ್ಲವಾದ್ದರಿಂದ ಹಿಂದಿನ ನಡಿಗೆಯಲ್ಲೇ ನಡೆಯಿತು. ನೊಗ ಓರೆಯಾಯಿತು. ಮೂಕಿ ತಿರುಗಿತು. ಗಾಡಿ ನಿಧಾನವಾಗಿ, ಮರ್ಯಾದೆಯಿಂದ, ನಲವತ್ತು ಜನ ಬರೆದುಕೊಟ್ಟ ದಿಕ್ಕಿಗೇ ಹೊರಳತೊಡಗಿತು.

"ಎಡಕ್ಕೆ! ಎಡಕ್ಕೆ!" ಎಂದು ಹುಡುಗರು ಕುಣಿದರು.

ಬಲ ಸಾಲದು ಎಂದುಕೊಂಡ ಗುರುಪಾದಸ್ವಾಮಿ. ಇನ್ನೂ ಎರಡು ಬಾರಿಸಿದ. ಎರಡೂ ಬಿಳಿ ಎತ್ತಿಗೇ ಬಿದ್ದವು. ಎಡಗಡೆ, ಶಾಲೆಯ ಗೋಡೆ ಕಟ್ಟುವುದಕ್ಕೆ ಮಣ್ಣು ಕಲಸಿಟ್ಟಿದ್ದ ಗುಂಡಿ ಇತ್ತು. ಎಡಚಕ್ರ ಅದಕ್ಕಿಳಿದು ಗಾಡಿ ಗಕ್ಕನೆ ನಿಂತಿತು.

ಗಾಡಿ ನಿಂತಿತೇ ಹೊರತು ಗುರುಪಾದಸ್ವಾಮಿ ನಿಲ್ಲಲಿಲ್ಲ. ಅವನು ಅದುವರೆಗೆ ಯಾವ ವೇಗದಲ್ಲಿದ್ದನೋ ಅದೇ ವೇಗದಲ್ಲಿ ಮುಂದಕ್ಕೆ ಹಾರಿ, ಕಂದು ಎತ್ತಿನ ಪಕ್ಕದ ಹಸಿ ಮಣ್ಣಿನಲ್ಲಿ ಮೊಣಕೈವರೆಗೂ ನಾಟಿಕೊಂಡ.

ಸಾಲಿನ ಹಿಂದಿನಿಂದ ಯಾರೋ ಸಣ್ಣ ದನಿಯಲ್ಲಿ, "ನಾಲ್ಕನೇ ಪ್ರಶ್ನೆಗೂ ಉತ್ತರ ಬಂತು ಕಣ್ಲಾ," ಎಂದದ್ದು ಕೇಳಿಸಿತು.

ಚಿಕ್ಕಮಾದು ಓಡಿ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ. ಅವನು ನಗುತ್ತಿರಲಿಲ್ಲ. ನಗದಿರಲು ಬಹಳ ಕಷ್ಟಪಡುತ್ತಿದ್ದ.

"ಏಟಾಯ್ತಾ ಸಾ? ಅದ್ಕೇ ಯೋಳುದ್ದು. ಬಲ ಎಚ್ಚಾಗೋಯ್ತು. ಎಡದ್ದುಕ್ಕೂ ಒಂದ್ ಕೊಡ್ಬೇಕಿತ್ತು, ಸಮ ಆಗದು."

ಎಡದ್ದಕ್ಕೂ. ಬಲದ್ದು. ಗುರುಪಾದಸ್ವಾಮಿ ಬಿಳಿ ಎತ್ತನ್ನು ನೋಡಿದ, ಕಂದು ಎತ್ತನ್ನು ನೋಡಿದ. ಮಣ್ಣು ಮೆತ್ತಿದ ತನ್ನ ಎರಡು ಕೈ ಎತ್ತಿ, ಇದು ಎಡ, ಇದು ಬಲ ಎಂದು ಒಂದನೆಯ ಕ್ಲಾಸಿನ ಮಗುವಿನ ಹಾಗೆ ನೋಡಿಕೊಂಡ. ಎದೆಯೊಳಗೆ ನಲವತ್ತು ಸೊನ್ನೆಗಳು ಒಂದೊಂದಾಗಿ ಉರುಳಿದವು. ಅವುಗಳ ಹಿಂದೆಯೇ ಅವ್ವ ಹೇಳಿದ ಮಾತೂ ಉರುಳಿತು.

"ಲೇ," ಎಂದ ಪಿಸುದನಿಯಲ್ಲಿ, "ನಾನು ಬಲ ಅಂದದ್ದು ಆ ಬಲ ಅಲ್ಲ ಕಣೋ. ಪುಸ್ತಕದ ಬಲ. ಅದನ್ನ ವರ್ಷವೆಲ್ಲ ಹೇಳಿಕೊಟ್ಟಿದ್ದೀನಲ್ಲೊ."

"ಪುಸ್ತಕದ ಬಲ ಗೊತ್ತು ಸಾ. ಕೇಳುದ್ರೆ ಈಗ್ಲೂ ಯೋಳ್ತೀನಿ. ಆದ್ರೆ ನೀವೇ ಅಲ್ವಾ ಅಂದುದ್ದು, ಪುಸ್ತಕ ಮರ್ತು ಬರೀರಿ ಅಂತ?"

ಇದಕ್ಕೇನು ಹೇಳಬೇಕೆಂಬುದು ಮೈಸೂರಿನ ಭಾಷಣದಲ್ಲಿ ಬಂದಿರಲಿಲ್ಲ.

ಇನ್ಸ್‌ಪೆಕ್ಟರು ಕೊಡೆ ಊರಿಕೊಂಡು ಗುಂಡಿಯ ಅಂಚಿಗೆ ಬಂದರು. ಓರೆಯಾದ ನೊಗವನ್ನೂ, ಚಕ್ರದ ಜಾಡನ್ನೂ, ಮೇಷ್ಟ್ರನ್ನೂ ಕ್ರಮವಾಗಿ ನೋಡಿದರು. "ಒಂದು ಕಡೆ ಎಳೆತ ಹೆಚ್ಚಾಯ್ತು, ಗಾಡಿ ಇನ್ನೊಂದು ಕಡೆ ತಿರುಗ್ತು," ಎಂದರು. "ಸರಿಯಾಗೇ ಬರೆದಿದ್ದಾರಲ್ರೀ ಹುಡುಗರು. ಅದಿರ್ಲಿ, ನಿಮ್ಮ ಪ್ರಕಾರ ಸರಿಯಾಗಿ ಬರೆದ ಆ ಒಬ್ಬ ಹುಡುಗಿ ಎಲ್ಲಿ?"

ಗಂಗಾಂಬಿಕೆ ನೋಟ್ಸು ಎದೆಗೆ ಅವುಚಿಕೊಂಡು ಮುಂದೆ ಬಂದಳು.

"ಬಲ ಹೆಚ್ಚಾದ್ರೆ ವೇಗ ಹೆಚ್ಚುತ್ತೆ ಅಂತ ಬರೆದಿದ್ದೀಯಲ್ಲಮ್ಮ. ಹೇಗೆ ಗೊತ್ತಾಯ್ತು?"

"ನೋಟ್ಸಲ್ಲಿತ್ತು ಸಾರ್."

"ಅರ್ಥ ಆಗಿತ್ತೆ?"

"ಅರ್ಥದ್ದು ಬರೆಸಿರಲಿಲ್ಲ ಸಾರ್," ಎಂದಳು ಅವಳು, ಬಹಳ ಪ್ರಾಮಾಣಿಕವಾಗಿ. ಆಮೇಲೆ ಗುಂಡಿಯ ಕಡೆ ತಿರುಗಿ, ಚಿಂತೆಯಿಂದ, "ಹಾಗಾದ್ರೆ ಎಡಕ್ಕೆ ಅಂತ ತಿದ್ದಿಕೊಳ್ಳಲಾ ಸಾರ್?" ಎಂದು ಕೇಳಿದಳು.

ಅರ್ಥವಾಗಿದೆಯೇ ಎಂದು ಪರೀಕ್ಷಿಸುವ ನೂತನ ಪದ್ಧತಿ ಪೂರ್ತಿ ಯಶಸ್ವಿಯಾಗಿತ್ತು. ಅರ್ಥವಾಗಿದ್ದವರಿಗೆಲ್ಲ ಸೊನ್ನೆ, ಆಗದವಳಿಗೆ ಪೂರ್ತಿ ಅಂಕ. ಗುರುಪಾದಸ್ವಾಮಿ ಮಣ್ಣಿನೊಳಗೇ ಇನ್ನಷ್ಟು ಇಳಿದುಹೋಗಲು ನೋಡಿದ. ಗುಂಡಿ ಅಷ್ಟು ಆಳವಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಇನ್ಸ್‌ಪೆಕ್ಟರು ಹೊರಟರು. ಹೊರಡುವ ಮುಂಚೆ ವಿಸಿಟ್ ಬುಕ್ಕು ತರಿಸಿಕೊಂಡು ಮೂರು ಸಾಲು ಬರೆದರು. ಅವರ ಗಾಡಿ ಕಣ್ಮರೆಯಾದ ಮೇಲೆ ಮರಿಮಲ್ಲಪ್ಪನವರು ಗುರುಪಾದಸ್ವಾಮಿಯನ್ನು ಕೋಣೆಗೆ ಕರೆಸಿದರು. ಕೂರುವುದಕ್ಕೆ ಹೇಳಲಿಲ್ಲ, ಪಂಚೆಯಲ್ಲಿ ಇನ್ನೂ ಕುರ್ಚಿ ಹಾಳು ಮಾಡುವಷ್ಟು ಮಣ್ಣಿತ್ತು.

"ಓದ್ಲಾ?"

"ಓದಿ ಸಾರ್." ಅಣ್ಣನಿಗೆ ಏನು ಹೇಳುವುದು ಎಂದು ಆಗಲೇ ಯೋಚನೆ ಶುರುವಾಗಿತ್ತು.

ಮರಿಮಲ್ಲಪ್ಪನವರು ಕನ್ನಡಕ ಏರಿಸಿಕೊಂಡು ಓದಿದರು: "ವಿದ್ಯಾರ್ಥಿಗಳಿಗೆ ವಿಷಯ ಚೆನ್ನಾಗಿ ಅರ್ಥವಾಗಿದೆ. ಉಪಾಧ್ಯಾಯರಿಗೂ ಅವರ ಸಹವಾಸದಿಂದ ಕ್ರಮೇಣ ಅರ್ಥವಾಗುವ ಸೂಚನೆಗಳಿವೆ. ಇವರನ್ನು ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಮುಂದುವರಿಸಬಹುದು."

"ಅಂದರೆ ಖಾಯಂ ಇಲ್ಲ?"

"ಖಾಯಂ ಇಲ್ಲ. ಮನೆಗೂ ಕಳ್ಸಿಲ್ಲ." ಮರಿಮಲ್ಲಪ್ಪನವರ ಹೊಟ್ಟೆ ಕುಲುಕುತ್ತಿತ್ತು. "ಫೇಲಾಗಿದೀರಿ ಸ್ವಾಮಿ. ಇನ್ನೊಂದ್ ವರ್ಷ ಇದೇ ಕ್ಲಾಸಲ್ಲಿ ಕೂತ್ಕಬೇಕು."

ಗುರುಪಾದಸ್ವಾಮಿ ಉಸಿರು ಬಿಟ್ಟ. ಇದು ಅವನಿಗೆ ಅಭ್ಯಾಸವಿದ್ದ ಫಲಿತಾಂಶ. ಯಾವ ವಿಷಯವನ್ನು ತಾನೆ ಅವನು ಒಂದೇ ಸಲಕ್ಕೆ ಪಾಸು ಮಾಡಿದ್ದ?

ಆ ಶನಿವಾರ ಊರಿಗೆ ಹೋದಾಗ ಅವ್ವನ ಮುಂದೆ ಕೂತು, "ಅವ್ವಾ, ನೀನು ಯೋಳುದ್ದೇ ಸರಿ. ಎಡಕ್ಕೇ ಓಯ್ತದೆ," ಎಂದ. ಅವ್ವ, "ಅದ್ನ ತಿಳ್ಕಳಕೆ ಇಷ್ಟ್ ದಿನ ಬೇಕಾಯ್ತಾ?" ಎಂದು ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಮೊಣಕೈ ಗಾಯ ನೋಡಿದ ಅಣ್ಣ ಏನೋ ಅನ್ನಲು ಬಾಯಿ ತೆರೆದ. "ವಿಜ್ಞಾನದ ಪ್ರಯೋಗ ಕಣಣ್ಣ," ಎಂದು ಇವನೇ ಮೊದಲು ಹೇಳಿ ಎದ್ದುಹೋದ.

ಸೋಮವಾರ ಕ್ಲಾಸಿಗೆ ಬಂದು ನಲವತ್ತು ಸೊನ್ನೆಗಳನ್ನೂ ಹೊಡೆದು ಪೂರ್ತಿ ಅಂಕ ಹಾಕಿದ. ಗಂಗಾಂಬಿಕೆಯದನ್ನು ಹಾಗೇ ಬಿಟ್ಟ. ತಪ್ಪು ಅವಳದಲ್ಲ, ಬರೆಸಿದವನದು. ಚಿಕ್ಕಮಾದುವಿನ ನಾಲ್ಕನೆಯ ಉತ್ತರಕ್ಕೆ ಅರ್ಧ ಅಂಕ ಕೊಟ್ಟ. ಬಸ್ಸಿನ ವಿಷಯದಲ್ಲಿ ಅವನು ಬರೆದದ್ದು ನಿಜ, ಗಾಡಿಯ ವಿಷಯದಲ್ಲಿ ತನ್ನ ಮೊಣಕೈ ಬೇರೆ ಹೇಳುತ್ತಿತ್ತು.

ಆಮೇಲೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತ.

"ಬಲ ಅನ್ನೋ ಮಾತು ಬೇಡ. ಅದಕ್ಕೆ ನಿಮ್ಮ ಕಡೆ ಏನಂತೀರಿ? ದನ ಎಳೆಯುತ್ತಲ್ಲ, ಆ ಶಕ್ತಿಗೆ?"

"ತಾಕತ್ತು ಸಾ," ಎಂದರು ನಾಲ್ಕೈದು ಜನ.

ಗುರುಪಾದಸ್ವಾಮಿ ದೊಡ್ಡ ಅಕ್ಷರದಲ್ಲಿ, ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡಿ, ಏಳನೆಯ ಪ್ರಶ್ನೆಯನ್ನು ಹೊಸದಾಗಿ ಬರೆದ: "ಜೋಡೆತ್ತಿನ ಗಾಡಿ ನೇರವಾಗಿ ಹೋಗುತ್ತಿದೆ. ಆಗ ತಾಕತ್ತು ಹೆಚ್ಚಾದರೆ ಏನಾಗುತ್ತದೆ?" ಬರೆದು ಎರಡು ಹೆಜ್ಜೆ ಹಿಂದೆ ಸರಿದು ಮೆಚ್ಚಿಕೊಂಡ. ಈಗ ಇದರಲ್ಲಿ ಎಡವೂ ಇಲ್ಲ ಬಲವೂ ಇಲ್ಲ. ಯಾರಿಗೂ ಸಂಶಯ ಬರುವಂತಿಲ್ಲ.

ಹಿಂದಿನ ಬೆಂಚಿನಲ್ಲಿ ಚಿಕ್ಕಮಾದು ಎದ್ದು ನಿಂತ.

"ಯಾವೆತ್ತುಂದು ಸಾ?"

ಗುರುಪಾದಸ್ವಾಮಿ ಬೋರ್ಡು ನೋಡಿದ. ಚಿಕ್ಕಮಾದುವನ್ನು ನೋಡಿದ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಹಿಂದಿನ ಬೆಂಚಿಗೆ ನಡೆದು ಬಂದು, "ವಸಿ ಅತ್ಲಾಗ್ ಸರ್ಕೊಳೋ," ಎಂದು ಅವನ ಪಕ್ಕದಲ್ಲೇ ಕೂತ.

"ಓಗು," ಎಂದ. "ನೀನೇ ಬರಿ."